ಉಬ್ಬಸ ಇಲ್ಲದ ದಿನಗಳ ಔಷಧಿ

ನಸುಕಿನ 3–4 ಗಂಟೆಗೆ ಎಚ್ಚರವಾಗುತ್ತದೆ. ಎದೆಗೆ ಪಟ್ಟಿ ಬಿಗಿದ ಹಾಗೆ. ಎದ್ದು ಕೂತರೆ ತುಸು ಹಗುರ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ. ಎಷ್ಟು ಬಿಟ್ಟರೂ ಇನ್ನೂ ಒಳಗೇ ಉಳಿದಿದೆ ಅನಿಸುತ್ತದೆ, ಜೊತೆಗೆ ಸಣ್ಣ ಸೀಟಿಯಂಥ ಸುಯ್ಯೆನ್ನುವ ಸದ್ದು. ಕೆಮ್ಮಿ ಕೆಮ್ಮಿ ಒಂದಿಷ್ಟು ಅಂಟು ಕಫ ಬಿದ್ದ ಮೇಲೆ ನಿದ್ದೆ. ಅದೇ ದಿನ ಬೆಳಿಗ್ಗೆ 11 ಗಂಟೆಗೆ ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಎದೆಯಲ್ಲಿ ಯಾವ ಸದ್ದೂ ಇಲ್ಲ. ಅಸ್ತಮಾ ಪತ್ತೆಯಾಗುವುದು ತಡವಾಗಲು ದೊಡ್ಡ ಕಾರಣ ಇದು: ಕಾಯಿಲೆ ಕಾಣಿಸಿಕೊಳ್ಳುವ ಹೊತ್ತು ಬೇರೆ, ನಾವು ಹೋಗಿ ತೋರಿಸುವ ಹೊತ್ತು ಬೇರೆ.

ಹಾಗಾಗಿ ಮೊದಲ ಭೇಟಿಗೆ ಹೋಗುವಾಗ ಆ ರಾತ್ರಿಯನ್ನು ಜೊತೆಗೆ ಕೊಂಡೊಯ್ಯಬೇಕು. ಸದ್ದು ಬರುತ್ತಿರುವಾಗಲೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಮಗುವಾದರೆ ಅಂಗಿ ತೆಗೆದು ಎದೆ, ಪಕ್ಕೆಲುಬುಗಳ ನಡುವಿನ ಜಾಗ, ಕತ್ತಿನ ಬುಡ ಕಾಣುವಂತೆ ವಿಡಿಯೊ ತೆಗೆಯಿರಿ. ಉಸಿರಾಡುವಾಗ ಅಲ್ಲಿ ಗುಳಿ ಬೀಳುತ್ತಿದೆಯೇ ಎಂಬುದು ವೈದ್ಯರಿಗೆ ಬಹಳ ಮುಖ್ಯ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ವಾರಕ್ಕೆ ಎಷ್ಟು ರಾತ್ರಿ ಎಚ್ಚರವಾಗುತ್ತದೆ, ನಗುವಾಗ ಓಡುವಾಗ ಕೆಮ್ಮು ಬರುತ್ತದೆಯೇ, ನೆಗಡಿಯಾದಾಗಲೆಲ್ಲ ಎದೆಗೆ ಇಳಿದು ಹತ್ತು ಹದಿನೈದು ದಿನ ಉಳಿಯುತ್ತದೆಯೇ, ಮೂಗು ಸೋರುವುದು, ಸೀನು, ಚಿಕ್ಕಂದಿನ ಇಸುಬು, ಮನೆಯಲ್ಲಿ ಇನ್ಯಾರಿಗಾದರೂ ದಮ್ಮು ಇದೆಯೇ, ರಜೆಯ ದಿನಗಳಲ್ಲಿ ಕಡಿಮೆಯಾಗಿ ಕೆಲಸಕ್ಕೆ ಮರಳಿದಾಗ ಹೆಚ್ಚುತ್ತದೆಯೇ. ಈ ಕೊನೆಯದನ್ನು ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ. ಹಿಟ್ಟಿನ ಧೂಳು, ಮರದ ಪುಡಿ, ಸ್ಪ್ರೇ ಪೇಂಟಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕಗಳಿಂದ ಬರುವ ಅಸ್ತಮಾವನ್ನು ಬೇಗ ಗುರುತಿಸಿ ದೂರವಾದರೆ ಎದೆ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು. ವರ್ಷಗಟ್ಟಲೆ ಅದರಲ್ಲೇ ಉಳಿದರೆ ಕಡಿಮೆ.

ರಾತ್ರಿಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಶ್ವಾಸನಾಳಗಳು ಆರೋಗ್ಯವಂತರಲ್ಲೂ ಹಗಲಿಗಿಂತ ನಸುಕಿನಲ್ಲಿ ಸ್ವಲ್ಪ ಕಿರಿದಾಗಿಯೇ ಇರುತ್ತವೆ. ದೇಹವೇ ತಯಾರಿಸುವ ಕಾರ್ಟಿಸಾಲ್, ಅಡ್ರಿನಲಿನ್ ಆ ಹೊತ್ತಿಗೆ ಇಳಿದಿರುತ್ತವೆ. ನಾಳದ ಒಳಪೊರೆ ಮೊದಲೇ ಊದಿಕೊಂಡಿದ್ದರೆ ಆ ಸಣ್ಣ ಬದಲಾವಣೆಯೇ ನಿದ್ದೆ ಕೆಡಿಸಲು ಸಾಕು.

ಒಳಗೆ ನಡೆಯುವುದು ಮೂರು ಸಂಗತಿ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಪೊರೆ ಉರಿಯೂತದಿಂದ ಬಾತುಕೊಳ್ಳುತ್ತದೆ. ಅಂಟಾದ ಕಫ ಸೇರಿ ಉಳಿದ ದಾರಿಯನ್ನೂ ಮುಚ್ಚುತ್ತದೆ. ಉಸಿರು ಬಿಡುವಾಗ ನಾಳಗಳು ಸಹಜವಾಗಿಯೇ ಇನ್ನಷ್ಟು ಕಿರಿದಾಗುವುದರಿಂದ ಗಾಳಿ ಒಳಗೆ ಸಿಕ್ಕಿಬೀಳುತ್ತದೆ. ಎದೆ ಉಬ್ಬಿದಂತಾಗುವುದು, ಸೀಟಿ ಸದ್ದು ಎರಡೂ ಅದರಿಂದಲೇ. ಸ್ನಾಯು ಬಿಗಿಯುವುದು ನಿಮಿಷಗಳ ಲೆಕ್ಕ, ಸಡಿಲವಾಗುವುದೂ ನಿಮಿಷಗಳ ಲೆಕ್ಕ. ಪೊರೆಯ ಬಾವು ಹಾಗಲ್ಲ, ಅದು ದಿನಗಳ, ವಾರಗಳ ಲೆಕ್ಕ. ಉಬ್ಬಸ ಇಲ್ಲದ ದಿನವೂ ಅದು ಅಲ್ಲೇ ಇರುತ್ತದೆ. ಈ ಎರಡು ವೇಗಗಳ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಮುಂದಿನ ಚಿಕಿತ್ಸೆಯೆಲ್ಲ ಅರ್ಥವಾಗುತ್ತದೆ, ಹತ್ತದಿದ್ದರೆ ಅರ್ಧಕ್ಕೇ ಔಷಧಿ ಬಿಡುವುದು ನಡೆದೇ ನಡೆಯುತ್ತದೆ.

ಪರೀಕ್ಷೆ ಎಂದರೆ ಮುಖ್ಯವಾಗಿ ಸ್ಪೈರೋಮೆಟ್ರಿ, ಕೊಳವೆಗೆ ಊದಿಸಿ ಹೊರಬರುವ ಗಾಳಿಯನ್ನು ಅಳೆಯುವುದು. ಹಿಂದಿನ ದಿನವೇ ಕೇಳಿಕೊಳ್ಳಬೇಕಾದದ್ದು ಯಾವ ಇನ್ಹೇಲರ್ ಎಷ್ಟು ಹೊತ್ತು ನಿಲ್ಲಿಸಬೇಕು ಎಂದು. ಸಾಮಾನ್ಯವಾಗಿ ನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ 4 ಗಂಟೆ, ದಿನಕ್ಕೆರಡು ಸಲ ತೆಗೆದುಕೊಳ್ಳುವ ದೀರ್ಘಾವಧಿ ಔಷಧಿ 24 ಗಂಟೆ, ದಿನಕ್ಕೊಮ್ಮೆಯದು 36 ಗಂಟೆ. ಆದರೆ ನಡುವೆ ಉಸಿರು ಕಟ್ಟಿದರೆ ತೆಗೆದುಕೊಳ್ಳಲೇಬೇಕು. ತೆಗೆದುಕೊಂಡ ಸಮಯವನ್ನು ಹೇಳಿದರಾಯಿತು. ಬಿಗಿ ಬಟ್ಟೆ ಬೇಡ, ಹೊಟ್ಟೆ ಬಿರಿಯುವಂತೆ ಉಂಡು ಹೋಗುವುದು ಬೇಡ.

ಕುರ್ಚಿಯಲ್ಲಿ ನೇರ ಕೂರಿಸುತ್ತಾರೆ, ಮೂಗಿಗೆ ಕ್ಲಿಪ್ ಹಾಕುತ್ತಾರೆ. ಎದೆ ತುಂಬ ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿಹಿಡಿದು, ಒಮ್ಮೆಲೇ ರಭಸವಾಗಿ ಊದಿ, ಪೂರ್ತಿ ಖಾಲಿಯಾಗುವ ತನಕ ಊದುತ್ತಲೇ ಇರಬೇಕು. ದೊಡ್ಡವರಿಗೆ ಇದು ಸುಮಾರು 6 ಸೆಕೆಂಡು ಅಥವಾ ಇನ್ನೂ ಹೆಚ್ಚು. ಮೂರನೆಯ ಸೆಕೆಂಡಿಗೇ ಎಲ್ಲ ಮುಗಿಯಿತು ಅನಿಸುತ್ತದೆ, ಮುಗಿದಿರುವುದಿಲ್ಲ. ಪಕ್ಕದಲ್ಲಿ ನಿಂತವರು ‘ಊದಿ, ಊದಿ, ಇನ್ನೂ, ಇನ್ನೂ’ ಎಂದು ಜೋರಾಗಿ ಹೇಳುವುದು ಅದಕ್ಕೇ. ಕಣ್ಣು ಕತ್ತಲಿಟ್ಟಂತೆ, ತಲೆ ಹಗುರಾದಂತೆ ಆಗಬಹುದು. ಒಂದೆರಡು ನಿಮಿಷ ಸುಮ್ಮನಿದ್ದರೆ ಸರಿಹೋಗುತ್ತದೆ. ಕನಿಷ್ಠ ಮೂರು ಸಲ ಸರಿಯಾಗಿ ಬರಬೇಕು, ಅದರಲ್ಲಿ ಅತ್ಯುತ್ತಮವಾದ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ತಡವಾಗಿ ಊದತೊಡಗುವುದು, ನಡುವೆ ಕೆಮ್ಮುವುದು, ತುಟಿಯ ಸಂದಿಯಿಂದ ಗಾಳಿ ಸೋರುವುದು, ಬೇಗ ನಿಲ್ಲಿಸುವುದು, ಇವು ನಾಲ್ಕೂ ಅಂಕಿಯನ್ನು ಕೆಡಿಸುತ್ತವೆ. ಸರಿಯಾಗಿ ಊದಲಿಲ್ಲ ಎಂದು ನಮಗೇ ಗೊತ್ತಾದಾಗ ಸಂಕೋಚ ಬಿಟ್ಟು ಇನ್ನೊಂದು ಸಲ ಮಾಡುತ್ತೇನೆ ಎನ್ನಬೇಕು.

ವರದಿಯಲ್ಲಿ ನೋಡಬೇಕಾದದ್ದು ಎರಡು ಅಂಕಿ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ, ಅಂದರೆ ಎಫ್‌ಇವಿ1. ಒಟ್ಟು ಹೊರಬಂದದ್ದು ಎಫ್‌ವಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 0.75ರಿಂದ 0.80ಕ್ಕಿಂತ ಹೆಚ್ಚು, ಮಕ್ಕಳಲ್ಲಿ 0.90ಕ್ಕಿಂತ ಹೆಚ್ಚು ಇರುತ್ತದೆ. ಆಮೇಲೆ 200ರಿಂದ 400 ಮೈಕ್ರೊಗ್ರಾಂ ಸಾಲ್ಬುಟಮಾಲ್ ಕೊಟ್ಟು 10–15 ನಿಮಿಷ ಕಾದು ಮತ್ತೆ ಊದಿಸುತ್ತಾರೆ. ಎಫ್‌ಇವಿ1 ಶೇ 12ರಷ್ಟು, ಜೊತೆಗೆ 200 ಮಿ.ಲೀ.ಯಷ್ಟಾದರೂ ಹೆಚ್ಚಿದರೆ ಕಿರಿದಾಗಿದ್ದ ನಾಳ ತೆರೆದುಕೊಂಡಿತು ಎಂದರ್ಥ. ವಯಸ್ಕರಲ್ಲಿ ಅಸ್ತಮಾದ ಪರವಾಗಿ ಅದು ಬಲವಾದ ಸಾಕ್ಷ್ಯ. ವರದಿ ಪೂರ್ತಿ ಸಹಜವಾಗಿ ಬಂದರೆ ಅಸ್ತಮಾ ಇಲ್ಲ ಎಂದು ತೀರ್ಮಾನಿಸಬಾರದು. ಒಳ್ಳೆಯ ದಿನ ಪರೀಕ್ಷೆ ಮಾಡಿದರೆ ಒಳ್ಳೆಯ ವರದಿಯೇ ಬರುತ್ತದೆ. ಎದೆಯ ಎಕ್ಸ್‌ರೇ ಕೂಡ ಅಸ್ತಮಾದಲ್ಲಿ ಬಹುಪಾಲು ಸಹಜವಾಗಿರುತ್ತದೆ. ಅದನ್ನು ತೆಗೆಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ಸ್ಪೈರೋಮೆಟ್ರಿ ಸಹಜವೆಂದು ಬಂದಾಗ ಕೈಗೆ ಬರುವುದು ಪೀಕ್ ಫ್ಲೋ ಮೀಟರ್, ಊದುವ ಗಾಳಿಯ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಅಂಗೈ ಅಳತೆಯ ಪ್ಲಾಸ್ಟಿಕ್ ಕೊಳವೆ. ಎರಡು ವಾರ, ಬೆಳಿಗ್ಗೆ ಎದ್ದ ಕೂಡಲೇ ಮತ್ತು ಸಂಜೆ, ಔಷಧಿಗೆ ಮೊದಲು. ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಎದೆ ತುಂಬ ಉಸಿರೆಳೆದು, ತುಟಿ ಬಿಗಿದು, ಒಂದೇ ಏಟಿಗೆ ಜೋರಾಗಿ ಊದುವುದು. ಇಲ್ಲಿ ಉದ್ದಕ್ಕೆ ಊದಬೇಕಾಗಿಲ್ಲ, ವೇಗವಾಗಿ ಊದಬೇಕು; ಸ್ಪೈರೋಮೆಟ್ರಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಬೆರಳು ಮುಳ್ಳಿನ ದಾರಿಗೆ ಅಡ್ಡ ಬರಬಾರದು, ನಾಲಿಗೆ ಕೊಳವೆಯ ಬಾಯಿಗೆ ಅಡ್ಡ ಬರಬಾರದು. ಉಗುಳುವ ಹಾಗೆ ಕೆನ್ನೆಯ ಬಲದಿಂದ ಊದಿದರೆ ಅಂಕಿ ಸುಳ್ಳೇ ಹೆಚ್ಚಾಗುತ್ತದೆ. ಮೂರು ಸಲ ಊದಿ ಹೆಚ್ಚಿನದನ್ನು ಬರೆಯಿರಿ, ಸರಾಸರಿಯನ್ನಲ್ಲ. ಕೊನೆಯವರೆಗೂ ಅದೇ ಮೀಟರ್ ಬಳಸಿ. ಬೇರೆ ಬೇರೆ ಮೀಟರುಗಳ ಅಂಕಿ ಹೊಂದುವುದಿಲ್ಲ.

ಲೆಕ್ಕ ಹೀಗೆ. ಬೆಳಿಗ್ಗೆ 320, ಸಂಜೆ 380 ಬಂತೆನ್ನಿ. ಅಂತರ 60, ಎರಡರ ಸರಾಸರಿ 350. 60ನ್ನು 350ರಿಂದ ಭಾಗಿಸಿದರೆ ಸುಮಾರು ಶೇ 17. ಹೀಗೆ ಪ್ರತಿದಿನದ ಶೇಕಡಾವಾರು ಹಾಕಿ ಎರಡು ವಾರದ ಸರಾಸರಿ ತೆಗೆದಾಗ ವಯಸ್ಕರಲ್ಲಿ ಶೇ 10ಕ್ಕಿಂತ, ಮಕ್ಕಳಲ್ಲಿ ಶೇ 13ಕ್ಕಿಂತ ಹೆಚ್ಚಿದ್ದರೆ ಏರಿಳಿತ ಅತಿಯಾಗಿದೆ ಎಂದು ಪರಿಗಣಿಸುತ್ತಾರೆ. ವೈದ್ಯರ ಕೋಣೆಯಲ್ಲಿ ಸಿಗದ ಕಾಯಿಲೆ ಈ ಕಾಗದದ ಮೇಲೆ ಬೆಳಗಿನ ತಗ್ಗು, ಸಂಜೆಯ ಉಬ್ಬು ಆಗಿ ಕಾಣಿಸುತ್ತದೆ. ಇಷ್ಟರಿಂದಲೂ ಸ್ಪಷ್ಟವಾಗದಿದ್ದರೆ ನಾಳದ ಬಾವಿನ ಸುಳಿವು ಕೊಡುವ ಉಸಿರಿನ ನೈಟ್ರಿಕ್ ಆಕ್ಸೈಡ್ ಅಳೆಯುವುದು, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಎಣಿಸುವುದು, ನಾಳ ಬಿಗಿಸುವ ಮೆಥಕೋಲಿನ್ ಕೊಟ್ಟು ನಾಳ ಎಷ್ಟು ಬೇಗ ಬಿಗಿಯುತ್ತದೆ ಎಂದು ನೋಡುವುದು ಇದೆ. ಗಂಟಲಲ್ಲಿ ಧ್ವನಿತಂತುಗಳು ತಪ್ಪಾಗಿ ಮುಚ್ಚಿಕೊಳ್ಳುವ ತೊಂದರೆಯೂ ಅಸ್ತಮಾದಂತೆಯೇ ಕಾಣುತ್ತದೆ; ಅದರಲ್ಲಿ ಸದ್ದು ಹೆಚ್ಚಾಗಿ ಉಸಿರು ಎಳೆಯುವಾಗ, ಬಿಗಿತ ಎದೆಗಿಂತ ಗಂಟಲಲ್ಲಿ. ಅದಕ್ಕೆ ಇನ್ಹೇಲರ್ ಹೆಚ್ಚಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಇನ್ನು ಇನ್ಹೇಲರಿನ ಪಾಠ. ನಮ್ಮ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಮುಖ್ಯವಾದ ಹತ್ತು ನಿಮಿಷ ಇದು, ಅತ್ಯಂತ ಅವಸರದಲ್ಲಿ ಮುಗಿದುಹೋಗುವುದೂ ಇದೇ. ಚೀಟಿಯಲ್ಲಿ ಔಷಧಿಯ ಹೆಸರು ಸರಿಯಿರುತ್ತದೆ, ಪ್ರಮಾಣ ಸರಿಯಿರುತ್ತದೆ, ಅದು ಎದೆಗೆ ಮಾತ್ರ ಇಳಿಯುವುದಿಲ್ಲ. ಎಷ್ಟೋ ‘ವಾಸಿಯಾಗದ ಅಸ್ತಮಾ’ಗಳ ಹಿಂದೆ ಇರುವುದು ಗಂಟಲಿಗೆ ಅಂಟಿ ಹೊಟ್ಟೆಗೆ ಹೋಗುತ್ತಿರುವ ಔಷಧಿ.

ಒತ್ತಿದರೆ ಚಿಮ್ಮುವ ಪಂಪಿನದು ಹೀಗೆ. ಮುಚ್ಚಳ ತೆಗೆದು ಒಳಗೆ ಕಸ ಇಲ್ಲವೆಂದು ನೋಡಿ. ಚೆನ್ನಾಗಿ ಕುಲುಕಿ, ಬಹಳಷ್ಟು ಪಂಪುಗಳಲ್ಲಿ ಔಷಧಿ ದ್ರವದಲ್ಲಿ ತೇಲುವ ಪುಡಿಯಾಗಿರುತ್ತದೆ, ಕುಲುಕದಿದ್ದರೆ ಒಂದು ಒತ್ತಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬರುತ್ತದೆ. ಹೊಸದಾದರೆ ಅಥವಾ ಕೆಲವು ದಿನ ಬಳಸದೆ ಇಟ್ಟಿದ್ದರೆ ಅದರ ಜೊತೆ ಬರುವ ಕಾಗದದಲ್ಲಿ ಹೇಳಿದಷ್ಟು ಸಲ ಗಾಳಿಗೆ ಚಿಮ್ಮಿಸಿ. ನೇರ ಕೂತು, ಗದ್ದ ತುಸು ಮೇಲೆತ್ತಿ, ಪಂಪಿನಿಂದ ಮುಖ ತಿರುಗಿಸಿ ಆರಾಮವಾಗಿ ಉಸಿರು ಖಾಲಿ ಮಾಡಿ. ಪಂಪನ್ನು ಹಲ್ಲುಗಳ ನಡುವಿಟ್ಟು ತುಟಿ ಮುಚ್ಚಿ. ಬಾಯಿಂದ ನಿಧಾನವಾಗಿ ಉಸಿರು ಎಳೆಯಲು ಶುರುಮಾಡಿ, ಶುರುವಾದ ಮೇಲೆ ಒಂದು ಸಲ ಒತ್ತಿ, ಎಳೆಯುತ್ತಲೇ ಇರಿ, 3ರಿಂದ 5 ಸೆಕೆಂಡು. ಪಂಪ್ ತೆಗೆದು ಬಾಯಿ ಮುಚ್ಚಿ 10 ಎಣಿಸುವ ತನಕ, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿಯಿರಿ. ಎರಡನೆಯ ಒತ್ತು ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿಂದ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: ಒತ್ತಿ ಆಮೇಲೆ ಎಳೆಯುತ್ತಾರೆ, ಅಥವಾ ಸರ್ರನೆ ಎಳೆಯುತ್ತಾರೆ. ಪಂಪಿನಿಂದ ಹನಿಗಳು ಬಹಳ ವೇಗವಾಗಿ ಬರುತ್ತವೆ. ನಾವೂ ವೇಗವಾಗಿ ಎಳೆದರೆ ಅವು ಗಂಟಲಿನ ತಿರುವಿನಲ್ಲಿ ತಿರುಗಲಾರದೆ ಹಿಂಗೋಡೆಗೆ ಬಡಿಯುತ್ತವೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರೆ ಬಾಯಿಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಹೊರಬರುತ್ತಿದೆಯೇ ಎಂದು ಕಾಣುತ್ತದೆ. ಬಂದರೆ ಆ ಒತ್ತಿನ ಔಷಧಿ ಒಳಗೆ ಹೋಗಲಿಲ್ಲ.

ಸ್ಪೇಸರ್ ಎಂಬ ಟೊಳ್ಳು ಡಬ್ಬಿ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಪಂಪನ್ನು ಅದರ ಹಿಂಬದಿಗೆ ಸಿಕ್ಕಿಸಿ ಒತ್ತಿದರೆ ಹನಿಗಳು ಡಬ್ಬಿಯೊಳಗೆ ವೇಗ ಕಳೆದುಕೊಳ್ಳುತ್ತವೆ, ದಪ್ಪ ಹನಿಗಳು ಗೋಡೆಗೇ ಅಂಟುತ್ತವೆ, ಸಣ್ಣವು ಎದೆಗೆ ಇಳಿಯುತ್ತವೆ. ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಇದು ಬೇಕು. ಒಂದು ಸಲಕ್ಕೆ ಒಂದೇ ಒತ್ತು. ಒಂದು ನಿಧಾನ ಉಸಿರು ಎಳೆದು ಹಿಡಿಯಬಹುದು, ಚಿಕ್ಕ ಮಕ್ಕಳಾದರೆ ಮುಖಕ್ಕೆ ಮಾಸ್ಕ್ ಸಂದಿಯಿಲ್ಲದಂತೆ ಒತ್ತಿಹಿಡಿದು ಸುಮಾರು 5 ಸಹಜ ಉಸಿರು. ಎರಡು ಮೂರು ಒತ್ತು ಒಟ್ಟಿಗೆ ಹಾಕಿದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಗೋಡೆಗೆ ಅಂಟುತ್ತವೆ, ಎದೆಗೆ ಸಿಗುವುದು ಕಡಿಮೆ. ಅಳುವ ಮಗುವಿಗೆ ಹಾಕಿದರೆ ಹೆಚ್ಚೇನೂ ಒಳಗೆ ಹೋಗುವುದಿಲ್ಲ. ಮೊದಲು ಸಮಾಧಾನ ಮಾಡಬೇಕು. ಹೊಸ ಪ್ಲಾಸ್ಟಿಕ್ ಸ್ಪೇಸರನ್ನು ಬಳಸುವ ಮೊದಲು, ಆಮೇಲೆ ತಿಂಗಳಿಗೊಮ್ಮೆಯಾದರೂ, ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿಯನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಬಾಯಿಗೆ ತಾಗುವ ಭಾಗವನ್ನಷ್ಟೇ ತೊಳೆದು ನೀರಿನಲ್ಲಿ ಜಾಲಾಡಿಸಿ.

ಪುಡಿಯ ಇನ್ಹೇಲರಿನ ನಿಯಮ ಇದಕ್ಕೆ ತದ್ವಿರುದ್ಧ. ಅದನ್ನು ಚಿಮ್ಮಿಸುವ ಅನಿಲ ಯಾವುದೂ ಇಲ್ಲ, ಪುಡಿಯನ್ನು ಒಡೆದು ಒಳಗೊಯ್ಯುವುದು ನಮ್ಮ ಉಸಿರಿನ ರಭಸವೇ. ಹಾಗಾಗಿ ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಕ್ಕೆ ಊದಬಾರದು, ಉಸಿರಿನ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಕ್ಯಾಪ್ಸೂಲ್ ಹಾಕಿ ಚುಚ್ಚುವ ಬಗೆಯಾದರೆ ಎಳೆಯುವಾಗ ಅದು ಗಿರಗಿರ ತಿರುಗುವ ಸದ್ದು ಕೇಳಬೇಕು, ಆಮೇಲೆ ತೆರೆದು ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿಬಿಡುವವರಿದ್ದಾರೆ. ಔಷಧಿ ಅಂಗಡಿಯಲ್ಲೂ ವೈದ್ಯರಲ್ಲೂ ಯಾರೂ ತೋರಿಸಿಕೊಡದಿದ್ದರೆ ಅದು ಅವರ ತಪ್ಪಲ್ಲ. ಪಂಪಿನಿಂದ ಪುಡಿಗೆ ಅಥವಾ ಪುಡಿಯಿಂದ ಪಂಪಿಗೆ ಬದಲಾಯಿಸಿದಾಗ ಹಳೆಯ ಅಭ್ಯಾಸವೇ ಅಡ್ಡ ಬರುತ್ತದೆ. ಪ್ರತಿ ಭೇಟಿಯಲ್ಲೂ ನಮ್ಮದೇ ಇನ್ಹೇಲರನ್ನು ಕೊಂಡೊಯ್ದು ವೈದ್ಯರ ಮುಂದೆ ಬಳಸಿ ತೋರಿಸುವುದು ಒಳ್ಳೆಯದು.

ಪಂಪಿನಲ್ಲಿ ಔಷಧಿ ಎಷ್ಟಿದೆ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನು ನಂಬಬೇಡಿ. ಔಷಧಿ ಮುಗಿದ ಮೇಲೂ ಅನಿಲ ಉಳಿದು ಚುಸ್ಸೆನ್ನುತ್ತಿರುತ್ತದೆ. ಎಣಿಕೆಯ ಕಿಟಕಿ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಶುರುಮಾಡಿದ ತಾರೀಖನ್ನು ಪಂಪಿನ ಮೇಲೆ ಬರೆದಿಡಿ: ದಿನಕ್ಕೆ 4 ಒತ್ತಿನಂತೆ 120ರ ಪಂಪ್ 30 ದಿನಕ್ಕೆ ಖಾಲಿ.

ಈಗ ಎರಡು ಬಗೆಯ ಔಷಧಿಯ ವಿಷಯ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ, 5 ನಿಮಿಷದಲ್ಲಿ ಹಾಯೆನಿಸುತ್ತದೆ, 4ರಿಂದ 6 ಗಂಟೆ ಇರುತ್ತದೆ. ಬಾವನ್ನು ಅದು ಮುಟ್ಟುವುದೇ ಇಲ್ಲ. ಬಾವನ್ನು ಇಳಿಸುವುದು ಬುಡೆಸೊನೈಡ್, ಫ್ಲುಟಿಕಸೋನ್, ಬೆಕ್ಲೊಮೆಟಸೋನ್‌ನಂಥ ಉಸಿರಿನ ಸ್ಟೀರಾಯ್ಡ್. ಅದನ್ನು ಎಳೆದ ಕೂಡಲೇ ಏನೂ ಅನಿಸುವುದಿಲ್ಲ, ಅದೇ ಅದರ ದುರದೃಷ್ಟ. ಹಾಯೆನಿಸಿದ್ದನ್ನು ಜನ ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಅನಿಸದ್ದನ್ನು ಕಪಾಟಿನಲ್ಲಿ ಮರೆಯುತ್ತಾರೆ. ವರ್ಷಕ್ಕೆ 200 ಒತ್ತಿನ ಸಾಲ್ಬುಟಮಾಲ್ ಪಂಪ್ 3 ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ತೀವ್ರ ಉಬ್ಬಸದ ಅಪಾಯ ಹೆಚ್ಚು. 12 ಅಥವಾ ಹೆಚ್ಚಾದರೆ ಸಾವಿನ ಅಪಾಯವೂ ಹೆಚ್ಚು. ಅಸ್ತಮಾದ ಜಾಗತಿಕ ಮಾರ್ಗಸೂಚಿ ರೂಪಿಸುವ ಜಿನಾ ಸಂಸ್ಥೆ 2019ರಲ್ಲಿ, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಚಿಕಿತ್ಸೆ ನಡೆಸಬಾರದು ಎಂದು ನಿಲುವು ಬದಲಿಸಿದ್ದು ಈ ಕಾರಣಕ್ಕೆ.

ಆಗಿನಿಂದ ಮುಂದೆ ಬಂದ ದಾರಿ, ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಂದೇ ಇನ್ಹೇಲರಿನಲ್ಲಿರುವುದನ್ನು ಬೇಕಾದಾಗಲೂ, ಅಗತ್ಯವಿದ್ದರೆ ನಿತ್ಯವೂ ಬಳಸುವುದು. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ನಾಳ ತೆರೆಯುತ್ತದೆ, ಜೊತೆಗೆ ಪ್ರತಿ ಸಲವೂ ಬಾವಿನ ಔಷಧಿ ತಾನಾಗಿ ಒಳಗೆ ಹೋಗುತ್ತದೆ. 200/6ರ ಅಳತೆಯದಾದರೆ (ಒಂದು ಎಳೆತಕ್ಕೆ 200 ಮೈಕ್ರೊಗ್ರಾಂ ಬುಡೆಸೊನೈಡ್, 6 ಮೈಕ್ರೊಗ್ರಾಂ ಫಾರ್ಮೊಟೆರಾಲ್) ವಯಸ್ಕರಿಗೆ ನಿತ್ಯದ್ದೂ ಬೇಕಾದಾಗಿನದ್ದೂ ಸೇರಿ ದಿನಕ್ಕೆ 12 ಎಳೆತ ಮೀರಬಾರದು. ಅಷ್ಟರ ಹತ್ತಿರ ಹೋಗುತ್ತಿದ್ದರೆ ಆ ದಿನವೇ ವೈದ್ಯರನ್ನು ಕಾಣಬೇಕು. ಸಾಲ್ಮೆಟೆರಾಲ್ ಇರುವ ಇನ್ಹೇಲರನ್ನು ಹೀಗೆ ತುರ್ತಿಗೆ ಬಳಸುವಂತಿಲ್ಲ, ಅದು ನಿಧಾನ. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ಡಬ್ಬಿಯ ಮೇಲಿನ ಹೆಸರನ್ನು ಓದಿಕೊಂಡೇ ಬಳಸಬೇಕು.

ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ಬಿಡುವವರು ಬಹಳ. ಅಳತೆ ನೋಡಿ: ಉಸಿರಿನಲ್ಲಿ ದಿನಕ್ಕೆ 400 ಮೈಕ್ರೊಗ್ರಾಂ ಬುಡೆಸೊನೈಡ್. ಉಬ್ಬಸ ಕೆರಳಿ ಆಸ್ಪತ್ರೆಗೆ ಹೋದರೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೊಗ್ರಾಂ, ಅದೂ ಇಡೀ ಮೈಗೆ. ಮೊದಲನೆಯದನ್ನು ಹೆದರಿ ಬಿಟ್ಟವರಿಗೇ ಎರಡನೆಯದು ಮತ್ತೆ ಮತ್ತೆ ಬೇಕಾಗುವುದು. ಮಾತ್ರೆಯ ಕೋರ್ಸುಗಳು ಜೀವಮಾನದಲ್ಲಿ ನಾಲ್ಕೈದು ಆದರೂ ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಯ ಅಪಾಯ ಹೆಚ್ಚುತ್ತದೆ. ಉಸಿರಿನ ಸ್ಟೀರಾಯ್ಡ್‌ಗೆ ಅಡ್ಡಪರಿಣಾಮವೇ ಇಲ್ಲವೆಂದಲ್ಲ. ಬಾಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಪದರ), ಗೊಗ್ಗರು ದನಿ ಸಾಮಾನ್ಯ. ಸ್ಪೇಸರ್ ಬಳಸಿ, ನಿತ್ಯದ ಔಷಧಿಯಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಕಡಿಮೆಯಾಗುತ್ತವೆ. ಮಕ್ಕಳ ಎತ್ತರದಲ್ಲಿ ಮೊದಲ ಒಂದೆರಡು ವರ್ಷ ಸುಮಾರು ಒಂದು ಸೆಂ.ಮೀ. ವ್ಯತ್ಯಾಸ ಬರಬಹುದು, ಅದು ವರ್ಷ ವರ್ಷ ಬೆಳೆಯುತ್ತಾ ಹೋಗುವುದಿಲ್ಲ. ಹತೋಟಿ ತಪ್ಪಿದ ಅಸ್ತಮಾವೂ ಮಗುವಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಬಸುರಿಯರು ಹೆದರಿ ಇನ್ಹೇಲರ್ ನಿಲ್ಲಿಸುವುದು ಮಗುವಿಗೇ ಅಪಾಯ. ಇದರ ಹೋಲಿಕೆಯಲ್ಲಿ ಅಸ್ತಮಾಗೆ ನುಂಗುವ ಮಾಂಟೆಲುಕಾಸ್ಟ್ ಮಾತ್ರೆ ನಿರುಪದ್ರವಿ ಎಂದುಕೊಳ್ಳುವವರಿದ್ದಾರೆ. ಅದರಿಂದ ಕೆಟ್ಟ ಕನಸು, ಸಿಡುಕು, ಖಿನ್ನತೆ ಕಾಣಿಸಿಕೊಳ್ಳಬಹುದು, ಮಕ್ಕಳಲ್ಲಿ ಅದನ್ನು ಗಮನಿಸುತ್ತಿರಬೇಕು.

ಔಷಧಿ ಶುರುವಾದ ಮೇಲಿನ ದಿನಗಳು ಹೀಗೆ ಸಾಗುತ್ತವೆ. ಮೊದಲ ಒಂದೆರಡು ವಾರದಲ್ಲಿ ರಾತ್ರಿ ಎಚ್ಚರವಾಗುವುದು ನಿಲ್ಲುತ್ತಾ ಬರುತ್ತದೆ. ಪೀಕ್ ಫ್ಲೋ ಏರಿ ಬೆಳಗು ಸಂಜೆಯ ಅಂತರ ಕಿರಿದಾಗಲು ಕೆಲವು ವಾರ. ಹೊಗೆ, ತಂಪು ಗಾಳಿ ತಾಗಿದ ಕೂಡಲೇ ಬಿಗಿಯುವ ಸ್ವಭಾವ ತಗ್ಗಲು ತಿಂಗಳುಗಳು ಬೇಕು. ಮೂರನೆಯ ವಾರಕ್ಕೆ ‘ಗುಣವಾಯಿತು’ ಎಂದು ಬಿಟ್ಟರೆ ಬಾವು ಅರ್ಧ ಇಳಿದಾಗಲೇ ಬಿಟ್ಟಂತೆ. ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇನ್ಹೇಲರ್ ಇಟ್ಟರೆ ನೆನಪೂ ಇರುತ್ತದೆ, ಬಾಯಿ ಮುಕ್ಕಳಿಸುವುದೂ ಆಗುತ್ತದೆ. ತಿಂಗಳಿಗೊಮ್ಮೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕಳೆದ 4 ವಾರದಲ್ಲಿ ಹಗಲಿನ ತೊಂದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂತೇ? ಒಂದು ರಾತ್ರಿಯಾದರೂ ಎಚ್ಚರವಾಯಿತೇ? ಸಾಲ್ಬುಟಮಾಲ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಮಾಡಬೇಕಾದ ಯಾವುದಾದರೂ ಕೆಲಸ ಬಿಡಬೇಕಾಯಿತೇ? ನಾಲ್ಕಕ್ಕೂ ಇಲ್ಲ ಎಂದರೆ ಹತೋಟಿಯಲ್ಲಿದೆ. ಮೂರು ನಾಲ್ಕಕ್ಕೆ ಹೌದು ಎಂದರೆ ಇಲ್ಲ. ಮೆಟ್ಟಿಲು ಹತ್ತುವುದನ್ನೇ ಬಿಟ್ಟುಬಿಟ್ಟವರಿಗೆ ದಮ್ಮು ಬರುವುದೇ ಇಲ್ಲ ಎಂಬುದು ಇಲ್ಲಿ ನೆನಪಿರಲಿ.

ಉಬ್ಬಸ ಕೆರಳಿಸುವ ಸಂಗತಿಗಳ ಪಟ್ಟಿ ಉದ್ದ, ಆದರೆ ಎಲ್ಲವೂ ಎಲ್ಲರಿಗೂ ಅಲ್ಲ. ಪೀಕ್ ಫ್ಲೋ ಬರೆದಿಟ್ಟ ಹಾಳೆ ನೋಡಿ ನಮ್ಮದು ಯಾವುದು ಎಂದು ಹುಡುಕಬೇಕು. ಬೀಡಿ ಸಿಗರೇಟಿನ ಹೊಗೆ ಮಾತ್ರ ಎಲ್ಲರಿಗೂ ಕೆಡುಕೇ. ಸೇದುವವರಲ್ಲಿ ಉಸಿರಿನ ಸ್ಟೀರಾಯ್ಡ್ ಕೆಲಸ ಮಾಡುವುದೂ ಕಡಿಮೆ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗೆ ಅಲರ್ಜಿ ಇದ್ದರೆ ಹೊದಿಕೆ ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಬೇಕು, ಕೋಣೆಯ ತೇವ ಇಳಿಸಬೇಕು. ಒಣಗಿದ ಪೊರಕೆಯಲ್ಲಿ ಗುಡಿಸಿದರೆ ಧೂಳು ಮೇಲೇಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು. ವೈರಸ್ಸಿನ ನೆಗಡಿಯೇ ಹೆಚ್ಚಿನ ತೀವ್ರ ಉಬ್ಬಸಗಳಿಗೆ ನಾಂದಿ. ನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಕೆಲವರಿಗೆ ಗಂಟೆಯೊಳಗೇ ಉಸಿರು ಕಟ್ಟಿಸುತ್ತವೆ, ಮೂಗಿನಲ್ಲಿ ಪಾಲಿಪ್ (ಮೃದುವಾದ ಮಾಂಸದ ಬೆಳವಣಿಗೆ) ಇರುವವರಿಗೆ ವಿಶೇಷವಾಗಿ. ಗ್ಲಾಕೋಮಾಗೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ ಕೂಡ ಎದೆ ಬಿಗಿಸಬಲ್ಲದು. ಕಣ್ಣಿನ ವೈದ್ಯರಿಗೆ ಅಸ್ತಮಾ ಇದೆ ಎಂದು ಹೇಳಲು ಯಾರಿಗೂ ಹೊಳೆಯುವುದಿಲ್ಲ. ಮೂಗಿನ ಅಲರ್ಜಿಗೆ ಚಿಕಿತ್ಸೆ ಮಾಡದೆ ಎದೆಯನ್ನು ಹತೋಟಿಗೆ ತರುವುದು ಕಷ್ಟ. ಗುಡುಗು ಮಳೆಯೂ ಕೆಲವರಿಗೆ ಅಪಾಯ: 2016ರ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಪರಾಗದ ಕಾಲದ ಒಂದು ಗುಡುಗು ಬಿರುಗಾಳಿಗೆ ಸಾವಿರಾರು ಜನ ಉಸಿರುಕಟ್ಟಿ ಆಸ್ಪತ್ರೆಗೆ ಓಡಿದರು, 10 ಮಂದಿ ಸತ್ತರು. ವ್ಯಾಯಾಮವನ್ನು ಈ ಪಟ್ಟಿಗೆ ಸೇರಿಸಿ ಮಕ್ಕಳನ್ನು ಆಟದಿಂದ ದೂರವಿಡಬೇಡಿ. ಓಡಿದ ಮೇಲೆ ಎದೆ ಬಿಗಿಯುತ್ತಿದ್ದರೆ ಅನೇಕ ಸಲ ನಿತ್ಯದ ಔಷಧಿ ಸಾಲುತ್ತಿಲ್ಲ ಎಂದರ್ಥ. ಅದನ್ನು ಸರಿಪಡಿಸಿ, ಆಟಕ್ಕೆ ಮುಂಚೆ ನಿಧಾನವಾಗಿ ಮೈ ಬೆಚ್ಚಗಾಗಿಸಿಕೊಂಡು, ಬೇಕಿದ್ದರೆ ಮೊದಲೇ ಇನ್ಹೇಲರ್ ತೆಗೆದುಕೊಂಡು ಆಡಬಹುದು.

ಇಷ್ಟೆಲ್ಲ ಆದರೂ ಉಬ್ಬಸ ಕೆರಳುವ ದಿನ ಬರಬಹುದು. ಅದಕ್ಕೆ ವೈದ್ಯರಿಂದ ಬರೆಸಿಕೊಂಡ ಒಂದು ಹಾಳೆ ಮನೆಯವರಿಗೆಲ್ಲ ಕಾಣುವಲ್ಲಿ ಇರಬೇಕು, ಫೋನಿನಲ್ಲಿ ಅದರ ಫೋಟೊ ಇರಬೇಕು. ಚೆನ್ನಾಗಿದ್ದಾಗಿನ ಅತಿ ಹೆಚ್ಚಿನ ಪೀಕ್ ಫ್ಲೋ 400 ಎಂದುಕೊಳ್ಳಿ. 320ಕ್ಕಿಂತ ಮೇಲೆ ಹಸಿರು, ಎಂದಿನಂತೆ. 200ರಿಂದ 320 ಹಳದಿ, ಹಾಳೆಯಲ್ಲಿ ಬರೆದಂತೆ ಔಷಧಿ ಹೆಚ್ಚಿಸಿ ವೈದ್ಯರಿಗೆ ತಿಳಿಸುವುದು. 200ಕ್ಕಿಂತ ಕೆಳಗೆ ಕೆಂಪು. ಹಳದಿ ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಸೂಚನೆ ಕೊಡುತ್ತದೆ: ರಾತ್ರಿ ಕೆಮ್ಮು ಮರಳುತ್ತದೆ, ಸಾಲ್ಬುಟಮಾಲಿನ ಪ್ರಭಾವ 4 ಗಂಟೆ ಬರುವುದಿಲ್ಲ.

ತೀವ್ರವಾದಾಗ ಮಲಗಿಸಬಾರದು. ನೇರ ಕೂರಿಸಿ, ತುಸು ಮುಂದೆ ಬಾಗಿ ಮೊಣಕೈ ಊರಿಕೊಳ್ಳಲಿ, ಕೊರಳ ಬಟ್ಟೆ ಸಡಿಲಿಸಿ. ಸಾಲ್ಬುಟಮಾಲ್ ಸ್ಪೇಸರಿನಲ್ಲಿ ಒಂದೊಂದೇ ಒತ್ತಿನಂತೆ 4ರಿಂದ 10 ಒತ್ತು. 20 ನಿಮಿಷದಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಯ ದಾರಿಯಲ್ಲೇ ಮತ್ತೆ. ಸ್ಪೇಸರಿನ ಮೂಲಕ ಸರಿಯಾಗಿ ಕೊಟ್ಟದ್ದು ಬಹುಪಾಲು ಸಂದರ್ಭಗಳಲ್ಲಿ ಔಷಧಿಯನ್ನು ಮಂಜಾಗಿಸಿ ಕೊಡುವ ನೆಬ್ಯುಲೈಜರ್ ಯಂತ್ರದಷ್ಟೇ ಕೆಲಸ ಮಾಡುತ್ತದೆ. ಮನೆಯಲ್ಲಿ ನೆಬ್ಯುಲೈಜರ್ ಇದೆ ಎಂಬ ಧೈರ್ಯದಲ್ಲಿ ಹೊತ್ತು ಕಳೆಯುವುದು ಅಪಾಯ. ಒಂದು ವಾಕ್ಯ ಪೂರ್ತಿ ಆಡಲಾಗದೆ ಎರಡೆರಡು ಪದಕ್ಕೆ ನಿಂತರೆ, ತುಟಿ ಉಗುರು ನೀಲಿಯಾದರೆ, ಮಂಪರು ಅಥವಾ ಗಲಿಬಿಲಿ ಕಂಡರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸಿದರೆ ಕಾಯದೆ ಆಂಬುಲೆನ್ಸ್. ಆಕ್ಸಿಮೀಟರ್ ಚೆನ್ನಾಗಿ ತೋರಿಸುತ್ತಿದೆ ಎಂಬುದು ಸಮಾಧಾನಕ್ಕೆ ಸಾಲದು, ಅಸ್ತಮಾದಲ್ಲಿ ಆಮ್ಲಜನಕ ತಡವಾಗಿ ಇಳಿಯುತ್ತದೆ. ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮನುಷ್ಯ ಸುಸ್ತಾಗಿ ಕುಸಿಯುತ್ತಿದ್ದರೆ ಗಾಳಿ ಓಡಾಡುವುದೇ ನಿಂತಿದೆ ಎಂದರ್ಥ. ಅದನ್ನು ಗುಣ ಎಂದುಕೊಂಡವರಿದ್ದಾರೆ.

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಜರಿನಲ್ಲಿ ಸಾಲ್ಬುಟಮಾಲ್ ಮತ್ತು ನಾಳ ಸಡಿಲಿಸುವ ಇನ್ನೊಂದು ಔಷಧಿ ಇಪ್ರಟ್ರೋಪಿಯಂ, ಸ್ಟೀರಾಯ್ಡ್, ಬೇಕಿದ್ದರೆ ರಕ್ತನಾಳಕ್ಕೆ ಮೆಗ್ನೀಸಿಯಂ ಕೊಡುತ್ತಾರೆ. ಮನೆಗೆ ಬರುವಾಗ ವಯಸ್ಕರಿಗೆ ಪ್ರೆಡ್ನಿಸೊಲೋನ್ ಸಾಮಾನ್ಯವಾಗಿ 5–7 ದಿನ, ಮಕ್ಕಳಿಗೆ 3–5 ದಿನ. ಎರಡನೆಯ ದಿನಕ್ಕೇ ಹಾಯೆನಿಸಿದರೂ ಹೇಳಿದಷ್ಟು ದಿನ ಮುಗಿಸಬೇಕು. ಒಂದು ವಾರದೊಳಗೆ ಮತ್ತೆ ತೋರಿಸಿ ಯಾಕೆ ಕೆರಳಿತು ಎಂದು ಹುಡುಕಬೇಕು: ಔಷಧಿ ಮುಗಿದಿತ್ತೇ, ಪಂಪ್ ಖಾಲಿಯಿತ್ತೇ, ಒತ್ತುವ ಕ್ರಮ ತಪ್ಪಿತ್ತೇ, ನೆಗಡಿಯೇ, ಹೊಸ ಮಾತ್ರೆಯೇ.

ಎರಡು ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದು ಪೀಕ್ ಫ್ಲೋ ನೆಲೆ ನಿಂತರೆ ಔಷಧಿ ಇಳಿಸುವ ಮಾತು ಎತ್ತಬಹುದು, ಅದನ್ನು ನಾವಾಗಿ ಕೇಳುವುದೂ ತಪ್ಪಲ್ಲ. ನೆಗಡಿ ಇರುವಾಗ, ಪ್ರಯಾಣಕ್ಕೆ ಮುಂಚೆ, ಬಸುರಿನಲ್ಲಿ ಇಳಿಸುವುದು ಬೇಡ. ಸ್ಟೀರಾಯ್ಡ್‌ನ ಪ್ರಮಾಣವನ್ನು ಕಾಲು ಭಾಗದಿಂದ ಅರ್ಧದವರೆಗೆ ಕಡಿಮೆ ಮಾಡಿ, ಮುಂದಿನ ಕೆಲವು ವಾರ ಬೆಳಿಗ್ಗೆ ಸಂಜೆ ಮತ್ತೆ ಊದಿ ಬರೆಯಬೇಕು. ಬೆಳಗಿನ ಅಂಕಿ ಜಾರತೊಡಗಿದರೆ, ಅಥವಾ ನಸುಕಿನಲ್ಲಿ ಒಂದು ಸಲ ಕೆಮ್ಮಿ ಎದ್ದರೂ, ಹಿಂದಿನ ಪ್ರಮಾಣಕ್ಕೆ ಮರಳಿ ವೈದ್ಯರಿಗೆ ತಿಳಿಸಿ. ಜಾರದಿದ್ದರೆ ಇನ್ನು ಎರಡು ಮೂರು ತಿಂಗಳಿಗೆ ಮತ್ತೊಂದು ಮೆಟ್ಟಿಲು ಇಳಿಯಬಹುದು. ಕೊನೆಯ ಮೆಟ್ಟಿಲಲ್ಲೂ ವಯಸ್ಕರು ಬಾವಿನ ಔಷಧಿಯನ್ನು ಪೂರ್ತಿ ಬಿಡುವುದಿಲ್ಲ. ಅದು ಬೇಕಾದಾಗ ಎಳೆಯುವ ಬುಡೆಸೊನೈಡ್–ಫಾರ್ಮೊಟೆರಾಲ್ ಆಗಿ ಚೀಲದಲ್ಲಿ ಜೊತೆಗಿರುತ್ತದೆ, ಅದರ ಮೇಲೆ ಶುರುಮಾಡಿದ ತಾರೀಖು ಬರೆದಿರುತ್ತದೆ.